ಅಣ್ಣನ ಜಾಗದಲ್ಲಿ ಎರಡು ಭಾನುವಾರ

ಆಗೆಲ್ಲ ‘ಮಿಡ್‌ಫೀಲ್ಡರ್’ ಅಂತ ನಮ್ಮಲ್ಲಿ ಯಾರೂ ಅನ್ನುತ್ತಿರಲಿಲ್ಲ. ನಡುವೆ ಆಡುವವನು ‘ಹಾಫ್’, ಅಷ್ಟೇ. ಬೆಂಗಳೂರಿನ ಆಸ್ಟಿನ್ ಟೌನ್‌ನಲ್ಲಿ ನಮ್ಮ ಬೀದಿಗೆ ನನ್ನ ಅಣ್ಣ ರಾಮುವೇ ಹಾಫ್. ನಾನು ಐದನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಒದ್ದೆಯಾದ ಚರ್ಮದ ಚೆಂಡನ್ನು ಒರೆಸಿ ಕೊಬ್ಬರಿ ಎಣ್ಣೆ ಸವರುವುದು ನನ್ನ ಕೆಲಸ. ಎಣ್ಣೆ, ಕೆಸರು, ತೊಗಲು ಎಲ್ಲ ಕಲೆತ ಆ ವಾಸನೆ ಅಂಗೈ ಬಿಟ್ಟು ಹೋಗುತ್ತಲೇ ಇರಲಿಲ್ಲ. ಆಡುವವನು ಅವನು, ನಾರುವವಳು ನಾನು.

ಇದು ನೆನಪಾಗಿದ್ದು ಹಾಲೆಂಡಿನ ಜೂಟರ್‌ಮೀರ್ ಊರಲ್ಲಿರುವ ಮಗಳ ಮನೆಯಲ್ಲಿ. ಮೊನ್ನೆ ಟಿ.ವಿ.ಯಲ್ಲಿ ಸ್ಕಾಟ್ಲೆಂಡಿನ ಮಿಡ್‌ಫೀಲ್ಡರ್ ಒಬ್ಬ ಗೋಲು ಹೊಡೆದ. ಅಳಿಯ ಸುರೇಶ ಸೋಫಾ ಬಿಟ್ಟು ಎದ್ದೇಬಿಟ್ಟ.

“ನೋಡು, ವರ್ಲ್ಡ್ ಕ್ಲಾಸ್ ಅಂದ್ರೆ ಇದು!”

“ಅಪ್ಪಾ, ಪ್ಲೀಸ್. ಗೋಲ್ ಹೊಡೆಯೋಕೆ ಸ್ಟ್ರೈಕರ್ ಇದಾರೆ,” ಎಂದಳು ಮೊಮ್ಮಗಳು ನಿಧಿ. ಇಲ್ಲಿನ ಕ್ಲಬ್ಬಿನಲ್ಲಿ ಅವಳೂ ನಡುವೆಯೇ ಆಡುವವಳು. “ಮಿಡ್‌ಫೀಲ್ಡರ್ ಆದವ್ನು ಮ್ಯಾಚ್ ಕಂಟ್ರೋಲ್ ಮಾಡ್ಬೇಕು.”

“ಟೈಮಿಗೆ ಸರಿಯಾಗಿ ಗೋಲ್ ಹತ್ರ ಬಂದು ನಿಲ್ಲೋದು ಸುಮ್ನೆ ಬರತ್ತಾ?”

“ದೊಡ್ಡ ಟೀಮ್ ಮೈಮೇಲೆ ಬಿದ್ರೆ ಬಾಲ್ ಕಳ್ಕೋತಾನಲ್ಲ!”

ನಾನು ಹುರುಳಿಕಾಯಿ ನಾರು ತೆಗೆಯುತ್ತಿದ್ದೆ. ಇಂಥದೇ ಜಗಳ ನಮ್ಮ ಬೀದಿಯಲ್ಲೂ ಆಗಿತ್ತು. ಆಗಿದ್ದು ನನ್ನ ವಿಚಾರಕ್ಕೆ.

ಒಂದು ಮಳೆಗಾಲ ಅಣ್ಣನ ಕಾಲು ಉಳುಕಿತು. ಭಾನುವಾರ ಪಕ್ಕದ ಬೀದಿಯವರ ಮೇಲೆ ಮ್ಯಾಚು, ಹಾಫ್ ಇಲ್ಲ. ಹಿತ್ತಿಲಲ್ಲಿ ಅಣ್ಣನ ಜೊತೆ ಒದ್ದು ಒದ್ದು ನನಗೆ ರೂಢಿಯಿತ್ತು. ಅವನ ಗೆಳೆಯ ಪೀಟರ್ ನನ್ನನ್ನೇ ಕರೆದ. ಲಂಗ ಎತ್ತಿ ಸೊಂಟಕ್ಕೆ ಸಿಕ್ಕಿಸಿ ಇಳಿದೆ. ಅಣ್ಣ ಚೆಂಡು ಸಿಕ್ಕರೆ ನಾಲ್ಕು ಜನರನ್ನು ಆಡಿಸಿ ಚಪ್ಪಾಳೆ ಗಿಟ್ಟಿಸುತ್ತಿದ್ದ. ನನಗೆ ಆ ಶೋಕಿ ಬರುತ್ತಿರಲಿಲ್ಲ. ಯಾರು ಖಾಲಿ ನಿಂತಿದ್ದಾನೋ ಅವನಿಗೆ ಕೊಟ್ಟುಬಿಡುತ್ತಿದ್ದೆ. ಗೆದ್ದೆವು. ಮುಂದಿನ ಭಾನುವಾರವೂ ಗೆದ್ದೆವು. ಬೇಯಿಸಿದ ಕಡಲೆಕಾಯಿಯ ಪೊಟ್ಟಣ ಮೊದಲು ನನ್ನ ಕೈಗೇ ಬಂತು.

ಆ ಸಂಜೆ ಕಟ್ಟೆಯ ಮೇಲೆ ಕಾಲು ಚಾಚಿ ಕೂತಿದ್ದ ಅಣ್ಣನ ಎದುರೇ ವಾದ ಶುರುವಾಯಿತು.

“ರಾಮು ಆಟ ನೋಡೋಕ್ ಚೆಂದ ಕಣ್ರೋ,” ಎಂದ ಒಬ್ಬ.

“ನೋಡೋಕಷ್ಟೇ. ಇವಳಿದ್ರೆ ನಮ್ಗೂ ಚೆಂಡು ಸಿಗತ್ತೆ. ಲೇ ರಾಮು, ನೀನಿನ್ನು ಆರಾಮಾಗಿ ಮಲ್ಕೊ,” ಎಂದ ಪೀಟರ್.

ಎಲ್ಲರೂ ನಕ್ಕರು. ಅಣ್ಣ ನಗಲಿಲ್ಲ. ಕುಂಟುತ್ತಲೇ ಮನೆಗೆ ಹೋಗಿ, “ಅಮ್ಮಾ, ನಿನ್ ಮಗಳು ಲಂಗ ಎತ್ಕಟ್ಕೊಂಡು ಹುಡುಗ್ರ ಮಧ್ಯ ಕುಣೀತಿದಾಳೆ, ನೋಡ್ಬಾ,” ಎಂದ. ಅಮ್ಮ ಬಂದು ಜಡೆ ಹಿಡಿದು ಎಳೆದುಕೊಂಡು ಹೋದಳು. ಅಲ್ಲಿಗೆ ಮುಗಿಯಿತು. ಮತ್ತೆ ಅವನಿಗೆ ಚೆಂಡು, ನನಗೆ ಎಣ್ಣೆ.

“ಅಜ್ಜಿ, ನೀವೇ ಹೇಳಿ. ಅವ್ನು ವರ್ಲ್ಡ್ ಕ್ಲಾಸಾ?” ಎಂದಳು ನಿಧಿ.

“ಇದ್ರೂ ಇರ್ಬಹುದು. ನಮ್ಮಣ್ಣನಂಥ ಅಣ್ಣ ಅವನಿಗೆ ಇರ್ಲಿಲ್ಲ ಅಂತ ಕಾಣತ್ತೆ.”

ಇಬ್ಬರೂ ನಕ್ಕು ಮತ್ತೆ ಕಿತ್ತಾಡತೊಡಗಿದರು. ಹೊರಗೆ ಮಳೆ. “ಪ್ರಾಕ್ಟೀಸಿಗೆ ಲೇಟಾಯ್ತು, ಶೂ ಹಾಕ್ಕೊಳೇ,” ಎಂದು ನನ್ನ ಮಗಳೇ ಅವಳನ್ನು ಆ ಮಳೆಗೆ ಅಟ್ಟಿದಳು.

ಅಣ್ಣ ಸತ್ತು ಎಷ್ಟೋ ವರ್ಷವಾಯಿತು. ಅವನ ಮೇಲಿನ ಹೊಟ್ಟೆಕಿಚ್ಚು ಸತ್ತಿಲ್ಲ. ಈಗ ನಿಧಿಯ ಮೇಲೂ ಇದೆ, ಆ ಸ್ಕಾಟ್ಲೆಂಡಿನವನ ಮೇಲೂ ಇದೆ. ನಾನೇನು ಭಾರೀ ಆಟಗಾರ್ತಿಯೋ ಅಲ್ಲವೋ, ಎರಡು ಭಾನುವಾರದಲ್ಲಿ ಏನು ತಿಳಿಯುತ್ತದೆ? ಆ ಟಿ.ವಿ.ಯವನು ದೊಡ್ಡ ಆಟಗಾರನೋ ಅಲ್ಲವೋ ಎಂದು ಊರೂರಲ್ಲಿ ಜನ ಕೂತು ಜಗಳವಾಡುತ್ತಾರೆ. ನನ್ನ ವಿಚಾರಕ್ಕೆ ಆ ಜಗಳ ಒಂದೇ ಒಂದು ಸಂಜೆ ನಡೆಯಿತು.