ಕಂಬಳಿಯ ಮೇಲಿನ ಕುರಿಮಂದೆ

ಬಿಸಿಲಿಗೆ ಹಾಕಲೆಂದು ಬೆಳಿಗ್ಗೆ ಅವ್ವನ ಕಂಬಳಿ ಕೊಡವಿದೆ. ಅವ್ವ ತೀರಿಕೊಂಡು ಎರಡು ವರ್ಷವಾದರೂ ಅದರಲ್ಲಿನ ಕುರಿ ವಾಸನೆ ಹೋಗಿಲ್ಲ. ನೀವು ನಗಬಹುದು, ಆ ವಾಸನೆಗೆ ನನಗೆ ನೆನಪಾದದ್ದು ಧರ್ಮಪುರಿ ಕಡೆಯ ನಮ್ಮ ಹಟ್ಟಿಯಲ್ಲ, ಒಂದು ಮೊಬೈಲ್ ಆಟ.

ಮಗಳಿಗೆ ಆಗ ಏಳು ವರ್ಷ. ಪರದೆಯ ಮೇಲೆ ಹೊಲ ಮಾಡಿ ಕುರಿ ಸಾಕುವ ಆಟ ಅವಳದು. ಕಾಲುನೋವೆಂದು ಹಳ್ಳಿ ಬಿಟ್ಟು ಸೇಲಂನ ನಮ್ಮ ಮನೆಗೆ ಬಂದಿದ್ದ ಅವ್ವ ಕಂಬಳಿ ಹಾಸಿ ಅವಳ ಪಕ್ಕ ಕೂರುತ್ತಿದ್ದಳು.

“ಆ ಕರಿಮೂತಿ ಮರಿ ಕುಂಟ್ತೈತೆ, ನೋಡ್ಲೇ.”

“ಕುಂಟಲ್ಲ ಅಜ್ಜಿ, ಡ್ಯಾನ್ಸ್ ಆಡ್ತೈತೆ.”

“ಒಟ್ಟೆ ತುಂಬಿದ್ರೆ ಆಡ್ತೈತೆ ಬುಡು. ನೀರು ಕುಡಿಸ್ದಾ?”

ಶಾಲೆಯಲ್ಲಿ, ಬೀದಿಯಲ್ಲಿ, ನಮ್ಮೊಡನೆ ಕೂಡ ತಮಿಳೇ ಆಡುವ ಮಗಳು ಕನ್ನಡಕ್ಕೆ ಬರುತ್ತಿದ್ದುದು ಆ ಕುರಿಗಳ ಮುಂದೆ ಮಾತ್ರ. ಇಬ್ಬರೂ ಸೇರಿ ಒಂದೊಂದಕ್ಕೂ ಹೆಸರಿಟ್ಟಿದ್ದರು. ನಾನು ದೂರದ ಕುರ್ಚಿಯಲ್ಲಿ ಗಡಿಯಾರ ನೋಡುತ್ತಿದ್ದೆ. ಅರ್ಧ ಗಂಟೆಯಾದ ಕೂಡಲೇ ಫೋನ್ ಕಿತ್ತುಕೊಳ್ಳುವುದಷ್ಟೇ ಅಪ್ಪನ ಕೆಲಸವೆಂದು ತಿಳಿದಿದ್ದೆ. ಪಕ್ಕದಲ್ಲಿ ಕೂರಲು ಕರೆದರೆ, ಪತ್ರಿಕೆಗೆ ಸುದ್ದಿ ಕಳಿಸಬೇಕು ಎನ್ನುತ್ತಿದ್ದೆ.

“ನಿಮ್ಮಪ್ಪಂಗೆ ಕುರಿ ಮೇಸಾಕೆ ಬರ್ನಿಲ್ಲ, ಅದ್ಕೇ ಪೇಪರ್ನಾಗೆ ಬರ್ಕಂಡವ್ನೆ,” ಎಂದು ಅವ್ವ ಮೊಮ್ಮಗಳಿಗೆ ಹೇಳಿ ನಗುತ್ತಿದ್ದಳು.

ಒಂದು ದಿನ ಶಂಕಗಿರಿಯಲ್ಲಿ ಪೋಷಕರ ಸಭೆಯೊಂದರ ವರದಿಗೆ ಹೋಗಿದ್ದೆ. ಫೋನಿನಿಂದ ಮಕ್ಕಳು ಹಾಳಾಗುತ್ತಿದ್ದಾರೆಂದು ಒಬ್ಬೊಬ್ಬರೂ ಎದ್ದು ಹೇಳಿದರು. ವರದಿ ಕಳಿಸಿ, ಅದೇ ಬಿಸಿಯಲ್ಲಿ ಮನೆಗೆ ಬಂದು, ಇಬ್ಬರೂ ನೋಡುತ್ತಿದ್ದಂತೆಯೇ ಆಟವನ್ನು ಅಳಿಸಿಬಿಟ್ಟೆ. ಪತ್ರಿಕೆಗಾದರೆ ಎರಡೂ ಕಡೆಯವರನ್ನು ವಿಚಾರಿಸದೆ ನಾನು ಒಂದು ಸಾಲು ಬರೆದವನಲ್ಲ.

ಮಗಳು ಎರಡು ದಿನ ಅತ್ತಳು. ಅವ್ವ ಮಾತ್ರ ಮೆಲ್ಲಗೆ ಕೇಳಿದಳು: “ಅಷ್ಟೂ ಕುರಿನೂ ಒಂಟೋದ್ವೇನ್ಲಾ?”

“ಅದು ಆಟ ಕಣವ್ವ.”

“ಆಟ ಅಂತ ನಂಗೊತ್ತಿಲ್ವಾ? ಮಗು ನನ್ ಪಕ್ಕ ಕುಂತಿರ್ತಿತ್ತಲ್ಲ.”

ಆಮೇಲೆ ಮಗಳು ಕಂಬಳಿಯ ಹತ್ತಿರ ಬರಲಿಲ್ಲ. ಅವ್ವ ಏನು ಕೇಳಿದರೂ ತಮಿಳಿನಲ್ಲಿ ಎರಡು ಮಾತು, ಅಷ್ಟೇ. ಅವ್ವ ಹೋಗುವವರೆಗೂ ಹಾಗೆಯೇ ಇತ್ತು.

ಇವತ್ತು ಕಂಬಳಿಯನ್ನು ಹಗ್ಗಕ್ಕೆ ಹಾಕಿ ಬಂದು ಆ ಆಟವನ್ನು ನನ್ನ ಫೋನಿಗೆ ಇಳಿಸಿಕೊಂಡೆ. ಬರೀ ಹೊಲ, ಅದರಲ್ಲೊಂದು ಮರಿ. ಅದಕ್ಕೊಂದು ಹೆಸರಿಡಲು ಆಟ ಕೇಳಿತು. ಅವರಿಬ್ಬರೂ ಇಟ್ಟಿದ್ದ ಹೆಸರುಗಳಲ್ಲಿ ಒಂದೂ ನನಗೆ ಗೊತ್ತಿರಲಿಲ್ಲ.

ಹನ್ನೆರಡು ವರ್ಷದ ಮಗಳು ಬಾಗಿಲ ಬಳಿ ಕೂತು ಫೋನಿನಲ್ಲಿ ಏನೋ ಆಡುತ್ತಿದ್ದಳು. ಹೋಗಿ ಪಕ್ಕದಲ್ಲಿ ಕೂತೆ.

“ಆ ಕರಿಮೂತಿ ಮರಿಗೆ ಅಜ್ಜಿನೂ ನೀನೂ ಏನ್ ಹೆಸ್ರು ಇಕ್ಕಿದ್ರಿ?”

“ಮರಂದುಪೋಚ್ಚುಪ್ಪಾ.”

ಮರೆತುಹೋಯಿತೆಂದು ತಮಿಳಿನಲ್ಲೇ ಹೇಳಿ, ನನಗೆ ಕಾಣದಂತೆ ಫೋನನ್ನು ತುಸು ಆ ಕಡೆ ತಿರುಗಿಸಿಕೊಂಡಳು. ನಾನು ಎದ್ದು ಹೋಗಲಿಲ್ಲ.