ಪೆಟಿಗ್ರೂನ ಗಡಿಯಾರ

ಅಮೆರಿಕದ ಶ್ಯಾಂಟಿಲಿಯಲ್ಲಿರುವ ನಮ್ಮ ಪದ್ಮನಾಭನಿಗೆ ಕೋವಿಡ್ ಕಾಲದಲ್ಲಿ ಹಳೇ ಜೇಬು ಗಡಿಯಾರಗಳ ಹುಚ್ಚು ಹಿಡಿಯಿತು. ಅದೂ ಎಂಥವು? ನೂರು ವರ್ಷದ ಹಿಂದೆ ಅಮೆರಿಕದ ದೊಡ್ಡ ಕಾರ್ಖಾನೆಗಳಲ್ಲಿ ತಯಾರಾಗಿ, ಡಯಲ್ ಮೇಲೆ ಮಾತ್ರ ಯಾವುದೋ ಸಣ್ಣ ಊರಿನ ಅಂಗಡಿಯವನ ಹೆಸರು ಹಾಕಿಸಿಕೊಂಡವು. "ಮಾಡಿದವನೊಬ್ಬ, ಹೆಸರು ಇನ್ನೊಬ್ಬಂದು" ಅಂತ ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದ. ಕೇಳಿ ಕೇಳಿ ನಮಗೆ ಸಾಕಾಗಿತ್ತು.

ಅವುಗಳಲ್ಲಿ ಒಂದರ ಮೇಲೆ ಪೆಟಿಗ್ರೂ ಎಂಬ ಹೆಸರಿತ್ತು. ಆ ಮನುಷ್ಯನ ಜಾಡು ಹಿಡಿದು ಇವನು ರಜೆ ಸಿಕ್ಕಾಗಲೆಲ್ಲ ಅವನ ಅಂಗಡಿಯಿದ್ದ ಸೌತ್ ಕ್ಯಾರೊಲೈನಾಗೆ ಡ್ರೈವ್ ಮಾಡಿದ. ಅಂಗಡಿ ಯಾವತ್ತೋ ಸುಟ್ಟುಹೋಗಿತ್ತು. ಸಮಾಧಿಯ ಕಲ್ಲೂ ಸಿಗಲಿಲ್ಲ. "ಅವನಿದ್ದ ಅನ್ನೋದಕ್ಕೆ ಉಳಿದಿರೋದು ಇದೊಂದೇ ಕಣೋ" ಅಂತ ಆ ಗಡಿಯಾರವನ್ನು ನನ್ನ ಅಂಗೈ ಮೇಲಿಟ್ಟಿದ್ದ.

ಹೋದ ವರ್ಷ ಅವನ ಅರವತ್ತರ ಶಾಂತಿ. ಊಟ ಆದಮೇಲೆ ಮಗಳು ಸುರಭಿ ಅದೇ ಗಡಿಯಾರವನ್ನು ಹೊಸ ಪೆಟ್ಟಿಗೆಯಲ್ಲಿಟ್ಟು ಕೊಟ್ಟಳು. ಪೆಟಿಗ್ರೂನ ಹೆಸರು ಅಳಿಸಿ, ಅದೇ ಜಾಗದಲ್ಲಿ 'ಪದ್ಮನಾಭ' ಎಂದು ಅಂದವಾಗಿ ಬರೆಸಿದ್ದಳು, ಅದೂ ಕನ್ನಡದಲ್ಲಿ. ನಮ್ಮ ಕನ್ನಡ ಕೂಟದವರಿಗೆ ಅಷ್ಟು ಸಾಕು, ಚಪ್ಪಾಳೆಯೋ ಚಪ್ಪಾಳೆ! ಆಂಟಿಯರು ಕಣ್ಣೊರೆಸಿಕೊಂಡರು. ಥೂ, ಒಬ್ಬರಾದರೂ ಅವನ ಮುಖ ನೋಡಬಾರದೆ?

"ಹಳೇ ಹೆಸರು..." ಅಂದ ಪದ್ಮನಾಭ.

"ಡೋಂಟ್ ವರಿ ಅಪ್ಪಾ" ಅಂತ ಸುರಭಿ ಅವನನ್ನು ತಬ್ಬಿಕೊಂಡಳು. "ಆ ವಾಚ್ ಅವನು ಮಾಡಿಲ್ಲ. ಜಸ್ಟ್ ಹೆಸರು ಹಾಕಿದ್ದ. ನೀನೇ ಎಲ್ಲರಿಗೂ ಹೇಳ್ತಿದ್ಯಲ್ಲ?"