ಚನ್ನಣ್ಣ ಕೂರಿಸಿದ ಲಾರಿ ಎಂಜಿನ್ನು

ಮೆಕ್ಯಾನಿಕ್ ಚನ್ನಣ್ಣ ಬಿಸಿ ಕಾಫಿ ಕುಡಿದದ್ದನ್ನು ನಾನು ಕಂಡಿಲ್ಲ. ಪಾಂಡವಪುರದ ಅವನ ಶೆಡ್ಡಿಗೆ ಹೋಟೆಲಿನಿಂದ ಲೋಟ ಬಂದರೆ, ಅದನ್ನು ಮೊದಲು ಎಂಜಿನ್ ಓಡುತ್ತಿರುವ ಕಾರಿನ ಮಡ್‌ಗಾರ್ಡ್ ಮೇಲಿಟ್ಟು, ಕಾಫಿ ಎಷ್ಟು ನಡುಗುತ್ತದೆಂದು ಬಾಗಿ ನೋಡುತ್ತಿದ್ದ. ನಡುಕ ತಗ್ಗುವವರೆಗೂ ನಟ್ಟು ಬಿಗಿಮಾಡಿ, ಆಮೇಲೆ ಆರಿಹೋದದ್ದನ್ನು ಒಂದೇ ಗುಟುಕಿಗೆ ಇಳಿಸಿ, "ಆಯ್ತು, ಈಗ ತೊಟ್ಲಲ್ಲಿರೋ ಕೂಸೂ ಮಲೀಕತದೆ" ಎನ್ನುತ್ತಿದ್ದ.

ಆ ತೊಂಬತ್ತರ ದಶಕದಲ್ಲಿ ಪೆಟ್ರೋಲ್ ಕಾರಿಗೆ ಡೀಸೆಲ್ ಎಂಜಿನ್ ಹಾಕಿಸುವ ಗೀಳು ನಮ್ಮ ಕಡೆಯೆಲ್ಲ ಹಬ್ಬಿತ್ತು. ತೊಣ್ಣೂರಿನ ನಮ್ಮ ಮನೆಯಲ್ಲಿದ್ದ ಮುದಿ ಅಂಬಾಸಿಡರ್ ಊರಿನ ಏರು ಹತ್ತಲು ಏದುಸಿರು ಬಿಡುತ್ತಿತ್ತು. "ಒಂದು ಚಿಕ್ಕ ಡೀಸೆಲ್ ಎಂಜಿನ್ ಸಾಕು ಚನ್ನಣ್ಣ" ಎಂದೆ.

"ಹಬ್ಬದ ಅಡಿಗೆಗೆ ಯಾರಾದ್ರೂ ಚಿಕ್ಕ ಪಾತ್ರೆ ಇಡ್ತಾರೇನ್ಲಾ? ಲಾರಿದೇ ಇಡಾನ ಬುಡು" ಎಂದ.

ಗುಜರಿಗೆ ಬಿದ್ದಿದ್ದ ಸಣ್ಣ ಲಾರಿಯ ಎಂಜಿನ್ ತಂದ. ಅದು ಕೂರಲು ಕಾರಿನ ಒಡಲನ್ನೇ ಕೊಯ್ದು ಬೆಸುಗೆ ಹಾಕಿದ. ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಂಟು ಕೂಡಿಸುವ ಪ್ಲೇಟನ್ನು ಮಂಡ್ಯದ ಲೇತಿನಲ್ಲಿ ಕಡೆಸಿದ. ಸ್ಟಾರ್ಟ್ ಮಾಡಿದಾಗ ಪಕ್ಕದ ಅಂಗಡಿಯ ಡಬ್ಬಗಳೆಲ್ಲ ಗಲಗಲ ಎಂದವು. ಶಕ್ತಿಯೇನೋ ರಾಕ್ಷಸನದು, ಆದರೆ ಆ ಭಾರಕ್ಕೆ ಕಾರಿನ ಮೂತಿ ಕುಸಿದು ಹಿಂಭಾಗ ಎದ್ದು ನಿಂತಿತು.

"ದಪ್ಪ ಇರೋರ್ನ ಹಿಂದೆ ಕೂರಿಸ್ಬೇಕು, ಮರೀಬ್ಯಾಡ. ಇಲ್ದಿದ್ರೆ ಹಿಂದಿನ ಚಕ್ರ ನೆಲ ಕಚ್ಚಕಿಲ್ಲ" ಎಂದು ಎಚ್ಚರಿಸಿದ.

ಕಾರಿನ ಮೊದಲ ಸವಾರಿಯೇ ನನ್ನ ತಂಗಿ ಜಯಳ ಸಂಬಂಧದ ಮಾತಿಗೆ. ಅಕ್ಕಿಹೆಬ್ಬಾಳಿನ ಗಂಡಿನ ಕಡೆಯವರು ಪಾಂಡವಪುರದಲ್ಲಿ ರೈಲಿಳಿದರು. ಹುಡುಗನ ದೊಡ್ಡಪ್ಪ ಆಳೆಂದರೆ ಆಳು, ಆನೆಯ ಗಾತ್ರ. ಅವರು ಹೂಂ ಅಂದರೆ ಮದುವೆ, ಮುನಿದರೆ ಮುಗಿಯಿತು. ಬೀಗರ ಹಿರಿಯರನ್ನು ಹಿಂದೆ ಕೂರಿಸುವುದುಂಟೆ? ನಮ್ಮಪ್ಪ ಕೈಮುಗಿದು ಮುಂದಿನ ಬಾಗಿಲನ್ನೇ ತೆರೆದರು. ಸ್ಟಿಯರಿಂಗ್ ಹಿಡಿದಿದ್ದ ಚನ್ನಣ್ಣ ನನ್ನ ಕಡೆ ಕಣ್ಣು ಬಿಟ್ಟ.

ಊರಿನ ಏರಿಗೆ ಹೊಸದಾಗಿ ಗರಸು ಸುರಿದಿದ್ದರು. ಅರ್ಧ ಹತ್ತುವಷ್ಟರಲ್ಲಿ ಹಿಂದಿನ ಚಕ್ರಗಳು ನಿಂತಲ್ಲೇ ಬುರ್ರನೆ ತಿರುಗಿ ಕಲ್ಲು ಎರಚತೊಡಗಿದವು.

"ಏನ್ರೀ, ಎಣ್ಣು ನೋಡಕ್ಕೆ ಬಂದೋರ್ನ ನಡ್ಸಿಬುಡ್ತೀರಾ?" ದೊಡ್ಡಪ್ಪನ ಮುಖ ಬಿಗಿಯಿತು. ಅಪ್ಪ ಬೆವರಿದರು.

ಚನ್ನಣ್ಣ ಎಂಜಿನ್ ಆರಿಸಿ ಅವರತ್ತ ತಿರುಗಿದ. "ಗೌಡ್ರೆ, ಕಬ್ಬಿನ ಗಾಡಿ ಮುಂಭಾರ ಆದ್ರೆ ಏನ್ ಮಾಡ್ತೀರಿ?"

"ಹೊರೆ ಹಿಂದಕ್ಕೆ ಸರಿಸ್ತೀನಿ."

"ಅದ್ನೇ ನಾನೂ ಕೇಳ್ತಿರೋದು."

ದೊಡ್ಡಪ್ಪ ಸೀಟಿನಲ್ಲೇ ಅವನತ್ತ ಹೊರಳಿದರು. "ಅಂದ್ರೆ ನಾನು ಕಬ್ಬಿನ ಹೊರೆಯೇನ್ಲಾ?"

"ಹೊರೆ ಎಲ್ಲಿ ಬಂತು ಗೌಡ್ರೆ, ಒಂದ್ ಗಾಡಿ ಪೂರ್ತಿ!"

ಮುಗಿಯಿತು ತಂಗಿಯ ಮದುವೆ ಎಂದುಕೊಂಡೆ. ಅಷ್ಟರಲ್ಲಿ ದೊಡ್ಡಪ್ಪನ ಹೊಟ್ಟೆ ಕುಲುಕಿತು. ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ತಾವೇ ಇಳಿದು ಹಿಂದೆ ಕುಳಿತರು. ಕಾರು ಒಂದೇ ನೆಗೆತಕ್ಕೆ ಏರು ಹತ್ತಿ ನಮ್ಮ ಮನೆಯ ಜಗಲಿ ಮುಂದೆ ನಿಂತಿತು. ಹೆಣ್ಣನ್ನು ನೋಡುವ ಮೊದಲೇ ಅವರು ಚನ್ನಣ್ಣನಿಗೆ, "ನಮ್ ಜೀಪ್ಗೂ ಇಂಥದ್ದೇ ಒಂದು ಕೂರ್ಸಿಕೊಡು ಕಣ್ಲಾ" ಎಂದರು.

ಮದುವೆಯಾಯಿತು. ಜೀಪಿನ ಕೆಲಸಕ್ಕೆಂದು ಅಕ್ಕಿಹೆಬ್ಬಾಳಿಗೆ ಹೋದ ಚನ್ನಣ್ಣ, ಜಯ ಸೇರಿದ ಆ ದೊಡ್ಡಪ್ಪನ ಮನೆಯ ಹಿತ್ತಿಲಲ್ಲೇ ಶೆಡ್ಡು ಹಾಕಿಕೊಂಡ. ಬೀಗರು ನಮ್ಮ ಹುಡುಗಿಯನ್ನೂ ಕರೆದೊಯ್ದರು, ನಮ್ಮ ಮೆಕ್ಯಾನಿಕ್ಕನ್ನೂ ಕರೆದೊಯ್ದರು. "ತಂಗಿ ನೋಡಕ್ಕೆ ಬಸ್ಸಲ್ ಬರ್ಬ್ಯಾಡ, ಕಾರಲ್ಲೇ ಬಾ, ಅದು ನಂಗೂ ಕಣ್ಣಿಗ್ ಕಾಣ್ಲಿ" ಎಂದು ಚನ್ನಣ್ಣ ಹೇಳಿದ್ದ. ನಾನು ಹೋದಾಗೆಲ್ಲ ಮೊದಲು ಕಾಲು ತಿರುಗುತ್ತಿದ್ದುದು ಹಿತ್ತಿಲಿಗೆ. ಜಯ ಬಾಗಿಲಲ್ಲಿ ಸೊಂಟಕ್ಕೆ ಕೈಯಿಟ್ಟು, "ಅಣ್ಣ, ನೀ ಬಂದಿರೋದು ನನ್ನ ನೋಡಕ್ಕೋ, ಚನ್ನಣ್ಣನ್ನ ನೋಡಕ್ಕೋ?" ಎಂದು ಕಾಡುತ್ತಿದ್ದಳು.

ಈಗಲೂ ಹೋಗುತ್ತೇನೆ. ಉತ್ತರ ಗೊತ್ತಿರುವ ಜಯ ಈಗ ಆ ಮಾತು ಕೇಳುವುದಿಲ್ಲ. ಸುಮ್ಮನೆ ಹಿತ್ತಿಲ ಬಾಗಿಲು ತೆಗೆದು, ನನಗೂ ಶೆಡ್ಡಿನಲ್ಲಿರುವ ಚನ್ನಣ್ಣನಿಗೂ ಕಾಫಿ ತರುತ್ತಾಳೆ.